ಓದುಗರ ಬಂಧು ರಂಗನಾಥನ್

ಊರಿನಲ್ಲಿ ಬಾವಿ ಇದ್ದ ಮಾತ್ರಕ್ಕೆ ಊರಿನವರೆಲ್ಲರ ಬಾಯಾರಿಕೆ ತೀರುವುದಿಲ್ಲ. ಬಾವಿಗೆ ದಾರಿಯಿರಬೇಕು, ಹಗ್ಗವೂ ಕೊಡವೂ ಇರಬೇಕು, ನೀರು ಸೇದುವ ಹಕ್ಕು ಎಲ್ಲರಿಗೂ ಇರಬೇಕು. ಪುಸ್ತಕಗಳ ಸಂಗತಿಯೂ ಹೀಗೆಯೇ. ಕಪಾಟಿನಲ್ಲಿ ಸಾವಿರ ಗ್ರಂಥಗಳಿದ್ದರೂ ಅವಕ್ಕೆ ಬೀಗ ಬಿದ್ದಿದ್ದರೆ ಅವು ಇದ್ದೂ ಇಲ್ಲದಂತೆ. ಬಾಗಿಲು ತೆರೆದಿದ್ದರೂ ಅಷ್ಟೊಂದು ಪುಸ್ತಕಗಳ ನಡುವೆ ತನಗೆ ತಕ್ಕುದು ಯಾವುದೆಂದು ಅರಿಯದೆ ಬರಿಗೈಯಲ್ಲಿ ಹಿಂದಿರುಗುವ ಓದುಗನೂ ಉಂಟು. ಎಂಟು ವರ್ಷದ ಬಾಲಕಿಗೆ ಬೇಕಾದುದು ಒಂದು. ಹೊಲದಲ್ಲಿ ದುಡಿಯುವ ರೈತನಿಗೆ ಬೇಕಾದುದು ಮತ್ತೊಂದು. ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಿಗೆ ಬೇಕಾದುದು ಇನ್ನೊಂದು. ಈ ಮೂವರಿಗೂ ಅವರವರ ಪುಸ್ತಕವನ್ನು ದೊರಕಿಸಿಕೊಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ತಮ್ಮ ಬಾಳನ್ನು ಸವೆಸಿದ ಮಹನೀಯರು ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಲೋಕವು ಅವರನ್ನು ಗೌರವಿಸುತ್ತದೆ.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ ಅಂದಿನ ಮದರಾಸು ಪ್ರಾಂತದ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ ಜನಿಸಿದರು. ಕಾವೇರಿಯ ನೀರುಂಡು ಬೆಳೆಯುವ ಬತ್ತದ ಗದ್ದೆಗಳ ಸೀಮೆ ಅದು. ತಂದೆ ರಾಮಾಮೃತ ಅಯ್ಯರ್ ಅವರು ಊರಿನ ಜನರನ್ನು ಕೂಡಿಸಿಕೊಂಡು ರಾಮಾಯಣವನ್ನು ಓದಿ ವಿವರಿಸುತ್ತಿದ್ದರು. ಒಬ್ಬನ ಕೈಯಲ್ಲಿರುವ ಗ್ರಂಥ ಹಲವರ ಸೊತ್ತಾಗುವ ಬಗೆಯನ್ನು ಬಾಲಕನು ಮನೆಯಲ್ಲಿಯೇ ಕಂಡಿದ್ದನು. ಆದರೆ ಮಗನಿಗೆ ಆರು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಶಾಲಾ ಉಪಾಧ್ಯಾಯರಾಗಿದ್ದ ಅಜ್ಜನ ಆಶ್ರಯದಲ್ಲಿ ಹುಡುಗನ ವಿದ್ಯಾಭ್ಯಾಸ ಸಾಗಿತು. ದೇಹ ದುರ್ಬಲವಾಗಿತ್ತು, ಮಾತನಾಡುವಾಗ ಉಗ್ಗುವ ತೊಂದರೆಯೂ ಇತ್ತು. ಇವೆರಡೂ ಅವರ ಕಲಿಕೆಯ ಹಂಬಲವನ್ನು ಕುಗ್ಗಿಸಲಿಲ್ಲ. ಮುಂದೆ ಸಾವಿರಾರು ವಿದ್ಯಾರ್ಥಿಗಳ ಮುಂದೆ ನಿಂತು ಗಂಟೆಗಟ್ಟಲೆ ಉಪನ್ಯಾಸ ಮಾಡಬಲ್ಲವರಾದುದು ಅವರ ಛಲಕ್ಕೆ ಸಾಕ್ಷಿ.

ಶಿಯಾಳಿಯ ಪ್ರೌಢಶಾಲೆಯ ಓದು ಮುಗಿದ ಮೇಲೆ ರಂಗನಾಥನ್ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರ ಪ್ರೀತಿಯ ಶಿಷ್ಯರಾದರು. ಗುರುಶಿಷ್ಯರ ಈ ಬಾಂಧವ್ಯ ತರಗತಿಯ ಗೋಡೆಗಳೊಳಗೆ ಮುಗಿಯಲಿಲ್ಲ. ಮುಂದೊಂದು ದಿನ ಅದು ಗ್ರಂಥಾಲಯಗಳ ಇತಿಹಾಸದಲ್ಲಿಯೇ ಒಂದು ದೊಡ್ಡ ವಿಚಾರಕ್ಕೆ ಕಾರಣವಾಯಿತು. 1916ರಲ್ಲಿ ರಂಗನಾಥನ್ ಗಣಿತದಲ್ಲಿ ಎಂ.ಎ. ಪದವಿ ಪಡೆದರು. ಬಳಿಕ ಅಧ್ಯಾಪಕ ತರಬೇತಿಯನ್ನು ಮುಗಿಸಿ 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಮಂಗಳೂರು ಅಂದು ಮದರಾಸು ಪ್ರಾಂತಕ್ಕೆ ಸೇರಿತ್ತು. ಹೀಗೆ ಅವರ ಅಧ್ಯಾಪಕ ವೃತ್ತಿ ಕನ್ನಡ ನಾಡಿನ ಕಡಲ ತೀರದಲ್ಲಿ ಆರಂಭವಾಯಿತು. ವಿಧಿಯ ಯೋಗವೆಂಬಂತೆ ಅವರ ಬಾಳಿನ ಕೊನೆಯ ವರ್ಷಗಳೂ ಕನ್ನಡ ನಾಡಿನಲ್ಲಿಯೇ ಕಳೆದವು. ಮಂಗಳೂರಿನಿಂದ ಕೊಯಮತ್ತೂರಿಗೂ ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಅವರು ವರ್ಗವಾಗಿ ಹೋದರು. ಗಣಿತವೇ ಅವರ ಉಸಿರಾಗಿತ್ತು. ತರಗತಿಯಲ್ಲಿ ವಿದ್ಯಾರ್ಥಿಗಳ ನಡುವೆ ನಿಂತು ಪಾಠ ಹೇಳುವುದಕ್ಕಿಂತ ಮಿಗಿಲಾದ ಸುಖವನ್ನು ಅವರು ಅರಿತಿರಲಿಲ್ಲ.

ಅಂಥವರು ಗ್ರಂಥಾಲಯದ ಕಡೆಗೆ ತಿರುಗಿದುದು ಆಕಸ್ಮಿಕ. ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಒಬ್ಬ ಪೂರ್ಣಾವಧಿ ಗ್ರಂಥಪಾಲಕನನ್ನು ನೇಮಿಸಲು ನಿರ್ಧರಿಸಿತು. ಕಾಲೇಜಿನ ಸಂಬಳಕ್ಕಿಂತ ಈ ಹುದ್ದೆಯ ಸಂಬಳ ಹೆಚ್ಚು. ಮಿತ್ರರ ಒತ್ತಾಯಕ್ಕೆ ಮಣಿದು ರಂಗನಾಥನ್ ಅರ್ಜಿ ಹಾಕಿದರು. 1924ರ ಜನವರಿಯಲ್ಲಿ ಹುದ್ದೆ ಅವರದಾಯಿತು. ಆದರೆ ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಅವರ ಮನಸ್ಸು ಮುದುಡಿತು. ತರಗತಿಯ ಕಲರವವೆಲ್ಲಿ, ಈ ಮೌನವೆಲ್ಲಿ! ಸುತ್ತಲೂ ಪುಸ್ತಕಗಳಿದ್ದವು, ಓದುಗರು ಮಾತ್ರ ಇರಲಿಲ್ಲ. ಆ ನಿರ್ಜನ ಕೊಠಡಿಯಲ್ಲಿ ದಿನವಿಡೀ ಕುಳಿತಿರುವುದು ಅವರಿಗೆ ಸೆರೆವಾಸದಂತೆ ತೋರಿತು. ತಮ್ಮ ಹಳೆಯ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋಗಿ ತಮ್ಮನ್ನು ಮತ್ತೆ ಅಧ್ಯಾಪಕನನ್ನಾಗಿ ಕರೆದುಕೊಳ್ಳಬೇಕೆಂದು ಬೇಡಿಕೊಂಡರು. ಪ್ರಾಂಶುಪಾಲರು ವಿವೇಕಿಗಳು. ಹೇಗಿದ್ದರೂ ವಿಶ್ವವಿದ್ಯಾನಿಲಯವು ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಲಿದೆ. ಹೋಗಿ ನೋಡಿ ಬರಲಿ. ಹಿಂದಿರುಗಿದ ಮೇಲೂ ಬೇಸರ ತೀರದಿದ್ದರೆ ಕಾಲೇಜಿನ ಬಾಗಿಲು ತೆರೆದೇ ಇರುತ್ತದೆ ಎಂದು ಸಮಾಧಾನ ಹೇಳಿದರು. ರಂಗನಾಥನ್ ಒಪ್ಪಿಕೊಂಡು ಅದೇ ವರ್ಷ ಹಡಗನ್ನೇರಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಿಕ್ಷಣದ ಶಾಲೆಯಿತ್ತು. ಅಲ್ಲಿ ಬರ್ವಿಕ್ ಸೇಯರ್ಸ್ ಎಂಬ ವಿದ್ವಾಂಸರ ಪಾಠಗಳನ್ನು ಅವರು ಕೇಳಿದರು. ಸೇಯರ್ಸ್ ಅವರು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ಅವರ ಸಲಹೆಯಂತೆ ರಂಗನಾಥನ್ ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಆ ಸಂಚಾರವು ಅವರ ಕಣ್ಣು ತೆರೆಯಿಸಿತು. ಕಾರ್ಖಾನೆಯ ಕೂಲಿಗಾರನು ದುಡಿತ ಮುಗಿಸಿ ಬಂದು ಕಪಾಟಿನಿಂದ ತಾನೇ ಪುಸ್ತಕವನ್ನು ಆರಿಸಿಕೊಳ್ಳುತ್ತಿದ್ದನು. ಗೃಹಿಣಿಯರು ಮಕ್ಕಳ ಕೈಹಿಡಿದು ಬರುತ್ತಿದ್ದರು. ಮಕ್ಕಳಿಗಾಗಿ ಬೇರೆಯೇ ಕೊಠಡಿ, ಅವರ ಎತ್ತರಕ್ಕೆ ತಕ್ಕ ಪೀಠಗಳು, ಅವರ ಮನಸ್ಸಿಗೆ ಒಪ್ಪುವ ಚಿತ್ರಪುಸ್ತಕಗಳು. ಗ್ರಂಥಾಲಯವೆಂದರೆ ಪಂಡಿತರ ಮೌನಮಂದಿರವಲ್ಲ, ಜನಜೀವನದ ಒಂದು ಅಂಗ ಎಂಬುದು ಅವರಿಗೆ ಮನವರಿಕೆಯಾಯಿತು. ಅಂದಿನ ಭಾರತದಲ್ಲಿ ಅಕ್ಷರ ಬಲ್ಲವರೇ ವಿರಳ. ಬಲ್ಲವರಿಗೂ ಪುಸ್ತಕ ದುರ್ಲಭ. ಈ ಅಂತರವನ್ನು ಕಂಡು ಅವರ ಮನಸ್ಸು ಮರುಗಿತು. ಕಾಲೇಜಿಗೆ ಮರಳುವ ಆಸೆ ಅಲ್ಲಿಯೇ ಅಡಗಿತು.

ಲಂಡನ್ನಿನಲ್ಲಿ ಮತ್ತೊಂದು ಘಟನೆ ನಡೆಯಿತು. ಒಂದು ದೊಡ್ಡ ಅಂಗಡಿಯಲ್ಲಿ ಅವರು ಮೆಕ್ಯಾನೋ ಎಂಬ ಆಟದ ಸಾಮಾನನ್ನು ನೋಡಿದರು. ತೂತುಗಳಿರುವ ಲೋಹದ ಪಟ್ಟಿಗಳು, ಗಾಲಿಗಳು, ತಿರುಪುಗಳು ಇಷ್ಟೇ ಅದರ ಸಾಮಗ್ರಿ. ಅವುಗಳನ್ನೇ ಬೇರೆ ಬೇರೆ ಬಗೆಯಲ್ಲಿ ಜೋಡಿಸಿದರೆ ಒಮ್ಮೆ ಬಂಡಿ, ಒಮ್ಮೆ ಸೇತುವೆ, ಒಮ್ಮೆ ಭಾರ ಎತ್ತುವ ಯಂತ್ರ. ಗಣಿತಜ್ಞನ ಬುದ್ಧಿಗೆ ಹೊಸ ಹೊಳಹು ದೊರೆಯಿತು. ಅಲ್ಲಿಯವರೆಗೆ ಬಳಕೆಯಲ್ಲಿದ್ದುದು ಬಹುಮಟ್ಟಿಗೆ ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಅದರಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲೇ ಒಂದು ಸಂಖ್ಯೆ ಗೊತ್ತಾಗಿರುತ್ತಿತ್ತು. ಹೊಸ ವಿಷಯ ಹುಟ್ಟಿದರೆ ಅದಕ್ಕೆ ಸ್ಥಳ ದೊರೆಯುವುದು ಕಷ್ಟ. ವಿಷಯಗಳ ಬಿಡಿ ಅಂಗಗಳಿಗೆ ಮಾತ್ರ ಚಿಹ್ನೆಗಳನ್ನು ಕೊಟ್ಟು, ಬೇಕಾದಾಗ ಅವನ್ನು ಜೋಡಿಸಿಕೊಳ್ಳುವಂತೆ ಮಾಡಿದರೆ ಹೇಗೆ ಎಂದು ರಂಗನಾಥನ್ ಯೋಚಿಸಿದರು. ಬತ್ತದ ಬೆಳೆಗೆ ತಗಲುವ ರೋಗದ ನಿವಾರಣೆಯನ್ನು ಕುರಿತ ಪುಸ್ತಕವೊಂದು ಬಂದಿತೆನ್ನೋಣ. ಬೆಳೆ ಯಾವುದು, ರೋಗ ಯಾವುದು, ಮಾಡುವ ಕೆಲಸವೇನು, ನಾಡು ಯಾವುದು, ಕಾಲ ಯಾವುದು ಎಂದು ವಿಂಗಡಿಸಿ ಚಿಹ್ನೆಗಳನ್ನು ಕೂಡಿಸಿದರೆ ಆ ಪುಸ್ತಕದ ನೆಲೆ ತಾನಾಗಿಯೇ ನಿಶ್ಚಯವಾಗುತ್ತದೆ. ಅಂಗಗಳನ್ನು ಜೋಡಿಸಲು ಅವರು ಆರಿಸಿಕೊಂಡ ಗುರುತು ಒಂದರ ಮೇಲೊಂದಿರುವ ಎರಡು ಚುಕ್ಕೆಗಳು. ಆದುದರಿಂದಲೇ ಇದಕ್ಕೆ ದ್ವಿಬಿಂದು ವರ್ಗೀಕರಣ ಎಂಬ ಹೆಸರು ಬಂದಿತು. 1925ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಇದನ್ನು ವರ್ಷಗಟ್ಟಲೆ ತಿದ್ದಿ 1933ರಲ್ಲಿ ಗ್ರಂಥರೂಪದಲ್ಲಿ ಹೊರತಂದರು.

ಮದರಾಸಿಗೆ ಹಿಂದಿರುಗಿದ ಗ್ರಂಥಪಾಲಕರು ಹೊಸ ಮನುಷ್ಯರಾಗಿದ್ದರು. ಓದುಗರೇ ಕಪಾಟುಗಳ ಬಳಿಗೆ ಹೋಗಿ, ಪುಸ್ತಕಗಳನ್ನು ಕೈಗೆತ್ತಿಕೊಂಡು, ಪುಟ ತಿರುವಿ ನೋಡಿ ಆರಿಸಿಕೊಳ್ಳುವ ಮುಕ್ತ ಪ್ರವೇಶವನ್ನು ಅವರು ಜಾರಿಗೆ ತಂದರು. ಇಂಥ ಏರ್ಪಾಡಿನಿಂದ ಪುಸ್ತಕಗಳು ಕಳುವಾಗುತ್ತವೆ, ಅಸ್ತವ್ಯಸ್ತವಾಗುತ್ತವೆ ಎಂಬ ಶಂಕೆ ಅಂದು ಬಹಳ ಮಂದಿಗಿತ್ತು. ಕೆಲವು ಪುಸ್ತಕಗಳು ಕಳೆದುಹೋಗುವುದು ನಷ್ಟವೇ ಸರಿ. ಆದರೆ ಸಾವಿರಾರು ಪುಸ್ತಕಗಳು ಯಾರ ಕೈಗೂ ಸಿಕ್ಕದೆ ಧೂಳು ತಿನ್ನುವುದು ಅದಕ್ಕಿಂತ ದೊಡ್ಡ ನಷ್ಟ ಎಂಬುದು ಅವರ ನಿಲುವು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಗಲು ಅವರು ಮುಖ್ಯ ಕಾರಣರಾದರು. ಮರುವರ್ಷ ಗ್ರಂಥಪಾಲಕರ ತರಬೇತಿಗೆ ಶಾಲೆಯೊಂದು ಆರಂಭವಾಯಿತು.

ಆದರೂ ಒಂದು ಕೊರಗು ಅವರನ್ನು ಕಾಡುತ್ತಿತ್ತು. ಗ್ರಂಥಾಲಯದ ಕೆಲಸದಲ್ಲಿ ನೂರಾರು ನಿಯಮಗಳಿವೆ. ವಿಜ್ಞಾನದಲ್ಲಿರುವಂತೆ ಇವೆಲ್ಲಕ್ಕೂ ಮೂಲವಾದ ಕೆಲವೇ ತತ್ತ್ವಗಳು ಇರಬೇಕಲ್ಲವೇ? ಹಗಲಿರುಳು ಚಿಂತಿಸಿದರೂ ಮೊದಲ ಎಳೆ ಕೈಗೆ ಸಿಕ್ಕಲಿಲ್ಲ. 1928ರ ಕೊನೆಯಲ್ಲಿ ಒಂದು ಸಂಜೆ ಗುರುಗಳಾದ ರಾಸ್ ಅವರು ಗ್ರಂಥಾಲಯಕ್ಕೆ ಬಂದರು. ಶಿಷ್ಯನ ಮುಖದ ಕಳವಳವನ್ನು ಕಂಡು ಕಾರಣ ಕೇಳಿದರು. ರಂಗನಾಥನ್ ತಮ್ಮ ತೊಡಕನ್ನು ತೋಡಿಕೊಂಡರು. ಹೊರಡುವ ಅವಸರದಲ್ಲಿದ್ದ ರಾಸ್ ಅವರು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದೇ ಶಿಷ್ಯನ ಮನಸ್ಸಿನಲ್ಲಿರುವ ಮೊದಲ ತತ್ತ್ವವಲ್ಲವೇ ಎಂದು ನಗುತ್ತ ಹೇಳಿ ನಡೆದುಬಿಟ್ಟರು. ಬಿಗಿದ ಗಂಟು ಸಡಿಲಿದಂತಾಯಿತು. ಆ ಒಂದು ಮಾತಿನ ಬೆನ್ನಿಗೆ ಉಳಿದ ನಾಲ್ಕು ತತ್ತ್ವಗಳೂ ಒಂದೊಂದಾಗಿ ಮೂಡಿಬಂದವು. 1931ರಲ್ಲಿ ಮದರಾಸು ಗ್ರಂಥಾಲಯ ಸಂಘವು ಇವುಗಳನ್ನು ವಿವರಿಸುವ ಅವರ ಗ್ರಂಥವನ್ನು ಪ್ರಕಟಿಸಿತು. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳೆಂದು ಇವು ಪ್ರಸಿದ್ಧವಾಗಿವೆ.

ಪುಸ್ತಕಗಳು ಬಳಕೆಗಾಗಿ ಇವೆ ಎಂಬುದು ಮೊದಲನೆಯ ಸೂತ್ರ. ಇದು ಎಲ್ಲರಿಗೂ ಗೊತ್ತಿರುವ ಮಾತೇ ಎನಿಸಬಹುದು. ಆದರೆ ಮಧ್ಯಯುಗದ ಯೂರೋಪಿನಲ್ಲಿ ಗ್ರಂಥಗಳನ್ನು ಸರಪಳಿಯಿಂದ ಮೇಜಿಗೆ ಕಟ್ಟಿಹಾಕುತ್ತಿದ್ದರು. ನಮ್ಮ ದೇಶದಲ್ಲಿಯೂ ತಾಳೆಗರಿಯ ಕಟ್ಟುಗಳು ಬಟ್ಟೆಯಲ್ಲಿ ಸುತ್ತಿಕೊಂಡು, ವರ್ಷಕ್ಕೊಮ್ಮೆ ಪೂಜೆ ಪಡೆದು, ಮತ್ತೆ ಪೆಟ್ಟಿಗೆಯನ್ನು ಸೇರುತ್ತಿದ್ದ ಮನೆಗಳು ಹಲವು. ಪುಸ್ತಕವನ್ನು ಗೌರವಿಸುವ ನಿಜವಾದ ರೀತಿ ಅದನ್ನು ಓದುವುದೇ ಎಂದು ಈ ಸೂತ್ರ ನೆನಪಿಸುತ್ತದೆ.

ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎಂಬುದು ಎರಡನೆಯ ಸೂತ್ರ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುದು ಮೂರನೆಯದು. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳಲ್ಲ. ಎರಡು ದಡಗಳಿಂದ ಹೊರಟು ನಡುಹೊಳೆಯಲ್ಲಿ ಕೂಡುವ ಎರಡು ದೋಣಿಗಳು. ಎರಡನೆಯ ಸೂತ್ರವು ಮನುಷ್ಯನಿಂದ ಹೊರಡುತ್ತದೆ. ಗಂಡಸರಂತೆಯೇ ಹೆಂಗಸರು, ದೊಡ್ಡವರಂತೆಯೇ ಮಕ್ಕಳು, ಪಟ್ಟಣಿಗರಂತೆಯೇ ಹಳ್ಳಿಗರು, ಕಣ್ಣು ಕಾಣದವರು, ಆಸ್ಪತ್ರೆಯ ರೋಗಿಗಳು, ಸೆರೆಮನೆಯ ಬಂದಿಗಳು ಎಲ್ಲರೂ ಓದಿಗೆ ಹಕ್ಕುಳ್ಳವರೆಂದು ಅದು ಸಾರುತ್ತದೆ. ಅವರ ವಯಸ್ಸು, ಭಾಷೆ, ಕಸುಬು, ಅಭಿರುಚಿಗಳನ್ನು ತಿಳಿದು ಪುಸ್ತಕ ಕೊಳ್ಳಬೇಕೆಂದು ವಿಧಿಸುತ್ತದೆ. ಮೂರನೆಯ ಸೂತ್ರವು ಪುಸ್ತಕದಿಂದ ಹೊರಡುತ್ತದೆ. ಪುಸ್ತಕಕ್ಕೆ ಬಾಯಿಲ್ಲ, ತಾನಿರುವೆನೆಂದು ಅದು ಕೂಗಿ ಹೇಳಲಾರದು. ಆದುದರಿಂದ ಹೊಸ ಪುಸ್ತಕಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು, ವಿಷಯಕ್ಕನುಸಾರವಾಗಿ ಜೋಡಿಸಬೇಕು, ಅವುಗಳ ಸೂಚಿಯನ್ನು ಸಿದ್ಧಪಡಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪುಸ್ತಕವನ್ನೂ ಓದುಗನನ್ನೂ ಬಲ್ಲ ಗ್ರಂಥಪಾಲಕನು ಇಬ್ಬರಿಗೂ ಪರಿಚಯ ಮಾಡಿಸಬೇಕು. ಓದುಗನ ಸಮಯ ಉಳಿಯಬೇಕು ಎಂಬುದು ನಾಲ್ಕನೆಯ ಸೂತ್ರ. ಗ್ರಂಥಾಲಯವು ಬೆಳೆಯುತ್ತಿರುವ ಜೀವಿ ಎಂಬುದು ಐದನೆಯದು. ಮರಕ್ಕೆ ಹಳೆಯ ಎಲೆ ಉದುರಿ ಹೊಸ ಚಿಗುರು ಬರುವಂತೆ ಗ್ರಂಥಾಲಯಕ್ಕೂ ಹೊಸ ಪುಸ್ತಕ, ಹೊಸ ಓದುಗ ಬರುತ್ತಲೇ ಇರಬೇಕು. ಒಮ್ಮೆ ಪುಸ್ತಕಗಳನ್ನು ಆರಿಸಿ ಇಟ್ಟರೆ ಕೆಲಸ ಮುಗಿಯಲಿಲ್ಲ. ಆಯ್ಕೆ ನಿತ್ಯದ ಕೆಲಸ.

ಯಾವ ಪುಸ್ತಕವನ್ನು ಕೊಳ್ಳಬೇಕೆಂಬುದನ್ನು ರಂಗನಾಥನ್ ಮನಸ್ಸಿಗೆ ಬಂದಂತೆ ಮಾಡುವ ಕೆಲಸವೆಂದು ಭಾವಿಸಲಿಲ್ಲ. 1952ರಲ್ಲಿ ಇದಕ್ಕಾಗಿಯೇ ಒಂದು ಗ್ರಂಥವನ್ನು ಬರೆದರು. ಓದುಗರ ಬೇಡಿಕೆ, ಪ್ರಕಟವಾಗುತ್ತಿರುವ ಪುಸ್ತಕಗಳು, ಕೈಯಲ್ಲಿರುವ ಹಣ ಈ ಮೂರನ್ನೂ ತೂಗಿ ನೋಡಬೇಕೆಂಬುದು ಅವರ ವಿಚಾರ. ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನು ಕುರಿತು 1942ರಲ್ಲಿಯೇ ಬೇರೊಂದು ಗ್ರಂಥವನ್ನು ರಚಿಸಿದ್ದರು. ಪಠ್ಯಪುಸ್ತಕವೊಂದನ್ನೇ ಬಾಯಿಪಾಠ ಮಾಡುವ ಕಲಿಕೆಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ವಿದ್ಯಾರ್ಥಿಯು ತನ್ನ ವೇಗಕ್ಕೆ ತಕ್ಕಂತೆ ತಾನೇ ಹುಡುಕಿ ಓದಿ ಕಲಿಯಬೇಕು. ಶಾಲೆಯ ಹೃದಯವೇ ಗ್ರಂಥಾಲಯವಾಗಬೇಕು ಎಂದು ಅವರು ಬಯಸಿದರು.

ಓದುಗರು ಗ್ರಂಥಾಲಯಕ್ಕೆ ಬರಲಾರದಿದ್ದರೆ ಗ್ರಂಥಾಲಯವೇ ಅವರ ಬಳಿಗೆ ಹೋಗಬೇಕು. 1931ರ ಅಕ್ಟೋಬರ್ ತಿಂಗಳಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯ ಸೀಮೆಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವೊಂದು ಹೊರಟಿತು. ಕನಕಸಭೈ ಪಿಳ್ಳೆ ಎಂಬ ಉತ್ಸಾಹಿಗಳು ಅದನ್ನು ಸಿದ್ಧಗೊಳಿಸಿದ್ದರು. ರಂಗನಾಥನ್ ಅದನ್ನು ಉದ್ಘಾಟಿಸಿದರು. ಸುಗ್ಗಿಯಲ್ಲಿ ಬತ್ತ ಹೇರಿಕೊಂಡು ಹೋಗುವ ಹಳ್ಳಿಯ ದಾರಿಯಲ್ಲಿ ಪುಸ್ತಕ ಹೇರಿಕೊಂಡ ಗಾಡಿ ನಡೆದುದು ಆ ಜನಕ್ಕೆ ಹೊಸ ನೋಟವೇ ಆಗಿದ್ದಿರಬೇಕು. ಕನ್ನಡ ನಾಡಿನಲ್ಲಿಯೂ ಇಂಥ ಸಾಹಸ ನಡೆಯದೆ ಇಲ್ಲ. 1869ರಿಂದ 1942ರವರೆಗೆ ಬಾಳಿದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದರು. ಗಾಡಿಯಾಗಲಿ, ಹೆಗಲಾಗಲಿ, ಮಾಡಿದ ಕೆಲಸ ಒಂದೇ.

ಪುಸ್ತಕ ಭಂಡಾರಗಳು ದಾನಿಗಳ ಔದಾರ್ಯವನ್ನೇ ನಂಬಿಕೊಂಡಿದ್ದರೆ ದಾನ ನಿಂತ ದಿನ ಬಾಗಿಲು ಮುಚ್ಚುತ್ತದೆ. ಓದುವ ಅವಕಾಶವನ್ನು ಕಾನೂನೇ ಕಾಪಾಡಬೇಕೆಂದು ರಂಗನಾಥನ್ ನಿಶ್ಚಯಿಸಿದರು. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಒಂದು ಮಾದರಿ ಮಸೂದೆಯನ್ನು ಇಟ್ಟರು. ಆ ಕನಸು ಕೈಗೂಡಲು ಹದಿನೆಂಟು ವರ್ಷಗಳು ಹಿಡಿದವು. 1948ರಲ್ಲಿ ಮದರಾಸು ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಅಂಗೀಕಾರವಾಯಿತು. ಸ್ವತಂತ್ರ ಭಾರತದಲ್ಲಿ ಈ ಬಗೆಯ ಮೊದಲ ಕಾನೂನು ಅದು.

ಈ ವೇಳೆಗೆ ಅವರು ಮದರಾಸನ್ನು ಬಿಟ್ಟಿದ್ದರು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿ ದುಡಿದ ಅವರ ಕರ್ತವ್ಯನಿಷ್ಠೆ ಕಥೆಯಾಗಿ ಉಳಿದಿದೆ. ಮದುವೆಯ ದಿನವೂ ಗ್ರಂಥಾಲಯದ ಕೆಲಸವನ್ನು ಬಿಡದ ಮನುಷ್ಯ ಅವರು. 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳು ಸರಿಯಾದ ವ್ಯವಸ್ಥೆಯಿಲ್ಲದೆ ಬಿದ್ದಿದ್ದವು. ಐವತ್ತು ದಾಟಿದ ವಯಸ್ಸಿನಲ್ಲಿ ಅವರು ಅವುಗಳ ವರ್ಗೀಕರಣದ ಭಾರವನ್ನು ಒಬ್ಬರೇ ಹೊತ್ತು ಮುಗಿಸಿದರು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವನ್ನು ಸೇರಿ ಗ್ರಂಥಾಲಯ ವಿಜ್ಞಾನದ ಉನ್ನತ ಶಿಕ್ಷಣಕ್ಕೆ ತಳಹದಿ ಹಾಕಿದರು. 1955ರಿಂದ 1957ರವರೆಗೆ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನೆಲೆಸಿ ಅಧ್ಯಯನ ನಡೆಸಿದರು. 1957ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಇಷ್ಟಾದರೂ ಅವರ ಜೀವನ ಸರಳವಾಗಿಯೇ ಉಳಿಯಿತು. ಕೂಡಿಟ್ಟ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿ, ಗ್ರಂಥಾಲಯ ವಿಜ್ಞಾನದ ಪೀಠವೊಂದು ಪತ್ನಿ ಶಾರದಾ ಅವರ ಹೆಸರಿನಲ್ಲಿ ಸ್ಥಾಪನೆಯಾಗುವಂತೆ ಮಾಡಿದರು.

ಬಾಳಿನ ಸಂಜೆಗೆ ರಂಗನಾಥನ್ ಆರಿಸಿಕೊಂಡ ಊರು ಬೆಂಗಳೂರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1965ರಲ್ಲಿ ಭಾರತ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ, ಅಂದಿನ ಮೈಸೂರು ರಾಜ್ಯದಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಜಾರಿಯ ಹಾದಿಗೆ ಬಂದಿತು. ಅದಕ್ಕೆ ರಂಗನಾಥನ್ ಅವರ ಮಾರ್ಗದರ್ಶನ ದೊರೆತಿತ್ತು. ಭೂಮಿ ಕಟ್ಟಡಗಳ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಸಂಗ್ರಹಿಸಿ ಅದನ್ನು ಪುಸ್ತಕ ಭಂಡಾರಗಳಿಗೆ ವಿನಿಯೋಗಿಸುವ ಏರ್ಪಾಡು ಅದರಲ್ಲಿದೆ. ಹೀಗಾಗಿ ಗ್ರಂಥಾಲಯವು ಯಾರ ಉಪಕಾರವೂ ಅಲ್ಲ. ಅದು ಜನರೇ ಕಟ್ಟಿಕೊಂಡ ಸೊತ್ತು.

ಕೃಷ್ಣಾ ಭೀಮಾ ನದಿಗಳ ಸೀಮೆಯ ವಡಗೇರಾ, ಶಹಾಪುರ, ಸುರಪುರ, ಯಾದಗಿರಿಗಳಂಥ ಊರುಗಳಿಗೆ ಈ ಕಾನೂನಿನ ಮಹತ್ತ್ವ ಇನ್ನೂ ಹೆಚ್ಚು. 1956ರವರೆಗೆ ಈ ನಾಡು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣದ ಭಾಷೆ ಬಹುಮಟ್ಟಿಗೆ ಉರ್ದುವಾಗಿದ್ದುದರಿಂದ ಕನ್ನಡ ಪುಸ್ತಕವು ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ನಾಡು ಒಂದಾದ ಮೇಲೆ ಒಂದೇ ಕಾನೂನು ಬೆಂಗಳೂರಿನ ಬಾಲಕನಿಗೂ ವಡಗೇರಾದ ಬಾಲಕಿಗೂ ಓದಿನ ಹಕ್ಕನ್ನು ಸಮನಾಗಿ ಒಪ್ಪಿಕೊಂಡಿತು. 2020ರಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸಿಕೊಳ್ಳುವ ಓದುವ ಬೆಳಕು ಎಂಬ ಕಾರ್ಯಕ್ರಮವೂ ಆರಂಭವಾಯಿತು.

ಹಕ್ಕು ದೊರೆತ ಮೇಲೆ ಅದನ್ನು ಬಳಸಿಕೊಳ್ಳುವ ಜಾಣ್ಮೆ ಬೇಕು. ಈ ಸೀಮೆಯ ವಿದ್ಯಾರ್ಥಿಯೊಬ್ಬನು ತನ್ನ ನೆಲವನ್ನು ತಿಳಿಯಲು ಹೊರಟನೆನ್ನೋಣ. ಸುರಪುರ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯನ ವಚನಗಳು ಅವನಿಗೆ ಒಂದು ಕಪಾಟಿನಲ್ಲಿ ದೊರೆಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಆತ್ಮಕಥೆ ಬೇರೊಂದು ಕಪಾಟಿನಲ್ಲಿರುತ್ತದೆ. ಸಂಸ್ಥಾನದ ಇತಿಹಾಸ ಮತ್ತೊಂದೆಡೆ. ನದಿ, ಮಣ್ಣು, ಬೆಳೆಗಳನ್ನು ಕುರಿತ ವಿಜ್ಞಾನ ಇನ್ನೊಂದೆಡೆ. ವಚನದಿಂದ ಹೊರಟವನು ಆತ್ಮಕಥೆಗೂ ಇತಿಹಾಸಕ್ಕೂ ಬೇಸಾಯಕ್ಕೂ ತಲುಪುತ್ತಾನೆ. ಒಂದು ಕುತೂಹಲವೇ ಅವನನ್ನು ನಾಲ್ಕು ಬಗೆಯ ಪುಸ್ತಕಗಳ ಬಳಿಗೆ ಕರೆದೊಯ್ಯುತ್ತದೆ. ಪುಸ್ತಕಗಳನ್ನು ವಿಷಯಕ್ಕನುಸಾರವಾಗಿ ಜೋಡಿಸಿದುದರ ಫಲ ಇದು.

ಮಕ್ಕಳ ಪುಸ್ತಕ, ದೊಡ್ಡವರ ಪುಸ್ತಕ ಎಂಬ ಗೋಡೆಯೂ ನಾವೆಣಿಸುವಷ್ಟು ಎತ್ತರವಾದುದಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಮಕ್ಕಳಿಗೆ ಕಥೆ ಕವನಗಳನ್ನು ಒದಗಿಸಿದರು. ಶಿವರಾಮ ಕಾರಂತರು ಬಾಲಪ್ರಪಂಚದ ಮೂರು ಸಂಪುಟಗಳಲ್ಲಿ ಜಗತ್ತನ್ನೇ ಮಕ್ಕಳ ಮುಂದೆ ತೆರೆದಿಟ್ಟರು. ದೊಡ್ಡವರಿಗಾಗಿ ಕಾದಂಬರಿಗಳನ್ನೂ ಬರೆದರು. ಕಿಂದರಿಜೋಗಿಯ ಕಥೆಯನ್ನು ಮಕ್ಕಳಿಗೆ ಹಾಡಿ ಹೇಳಿದ ಕುವೆಂಪು ಅವರೇ 1967ರಲ್ಲಿ ಮಲೆಗಳಲ್ಲಿ ಮದುಮಗಳು ಎಂಬ ಮಹಾಕಾದಂಬರಿಯನ್ನು ಹೊರತಂದರು. ಬಾಲ್ಯದಲ್ಲಿ ಒಬ್ಬ ಲೇಖಕನ ಕೈ ಹಿಡಿದವನು ದೊಡ್ಡವನಾದ ಮ��ಲೂ ಅದೇ ಕೈ ಹಿಡಿದು ಮುಂದೆ ನಡೆಯಬಹುದು. ಮಗುವಿಗಾಗಿ ತಂದ ಪುಸ್ತಕವನ್ನು ತಾಯಿ ಓದಿ ಸಂತೋಷಪಡುವುದೂ ಉಂಟು.

ಆದುದರಿಂದ ಪುಸ್ತಕವನ್ನು ಆರಿಸುವಾಗ ಹೊದಿಕೆಯ ಬಣ್ಣಕ್ಕೆ ಮರುಳಾಗಬಾರದು, ಗಾತ್ರಕ್ಕೆ ಹೆದರಬಾರದು. ಪರಿವಿಡಿಯನ್ನು ನೋಡಬೇಕು, ನಡುವಿನ ಎರಡು ಪುಟಗಳನ್ನು ಓದಬೇಕು, ತಿಳಿಯದಿದ್ದರೆ ಗ್ರಂಥಪಾಲಕರನ್ನೂ ಗುರುಗಳನ್ನೂ ಕೇಳಬೇಕು. ಮನಸ್ಸಿಗೆ ಹಿಡಿಸದ ಪುಸ್ತಕವನ್ನು ಹಿಂದಿರುಗಿಸಲು ನಾಚಬೇಕಾಗಿಲ್ಲ. ಅದು ಮತ್ತೊಬ್ಬ ಓದುಗನಿಗಾಗಿ ಕಾದಿರುವ ಪುಸ್ತಕ. ಪರಿಚಿತ ವಿಷಯದ ಒಂದು ಪುಸ್ತಕದೊಡನೆ ಅಪರಿಚಿತ ವಿಷಯದ ಒಂದನ್ನೂ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಬುದ್ಧಿಯ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಅವರು ಬೆಂಗಳೂರಿನಲ್ಲಿ ಕಾಲವಾದರು. ಪ್ರತಿವರ್ಷ ಆಗಸ್ಟ್ 12ನ್ನು ಭಾರತದಲ್ಲಿ ಗ್ರಂಥಪಾಲಕರ ದಿನವನ್ನಾಗಿ ಆಚರಿಸಿ ಅವರನ್ನು ಸ್ಮರಿಸುತ್ತಾರೆ. ಒಲ್ಲದ ಮನಸ್ಸಿನಿಂದ ಒಂದು ಮೌನದ ಕೊಠಡಿಯನ್ನು ಹೊಕ್ಕವರು, ಅಲ್ಲಿಂದ ಓಡಿಹೋಗುವ ಬದಲು ಅದರ ಬಾಗಿಲನ್ನೇ ಎಲ್ಲರಿಗೂ ತೆರೆದಿಟ್ಟರು. ಓದಿಸದೆ ಉಳಿದ ಪುಸ್ತಕವೂ ಓದದೆ ಉಳಿದ ಮಗುವೂ ನಾಡಿಗೆ ಆಗುವ ನಷ್ಟವೆಂದು ಅವರು ಬಗೆದರು. ಹಳ್ಳಿಯ ಚಿಕ್ಕ ಗ್ರಂಥಾಲಯದಲ್ಲಿ ಒಬ್ಬ ಬಾಲಕಿ ಕಪಾಟಿನ ಮುಂದೆ ನಿಂತು ತನಗೆ ಬೇಕಾದ ಪುಸ್ತಕವನ್ನು ತನ್ನ ಕೈಯಿಂದಲೇ ಆರಿಸಿಕೊಳ್ಳುವಾಗ ರಂಗನಾಥನ್ ಅವರ ದುಡಿಮೆ ಸಾರ್ಥಕವಾಗುತ್ತದೆ.